ಶಾಂತ ಕಡಲಿಗೂ ಎಚ್ಚರಿಕೆ ಏಕೆ?

ಕಾಸರಗೋಡು: ಆಕಾಶ ತಿಳಿಯಾಗಿದೆ, ಗಾಳಿಯಿಲ್ಲ, ಮಳೆಯಿಲ್ಲ. ಆದರೂ ಕಡಲಿಗಿಳಿಯಬಾರದು ಎಂಬ ಎಚ್ಚರಿಕೆ ಬರುತ್ತದೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಮೀನುಗಾರರಿಗೆ ಇದು ಹೊಸತಲ್ಲ. ಎಚ್ಚರಿಕೆ ಹುಸಿಯಾದರೆ ಒಂದು ದಿನದ ದುಡಿಮೆ ನಷ್ಟ. ಎಚ್ಚರಿಕೆಯೇ ಬಾರದಿದ್ದರೆ ದೋಣಿ, ಬಲೆ ಮಾತ್ರವಲ್ಲ, ಜೀವಕ್ಕೂ ಅಪಾಯ. ಹಾಗಾದರೆ ಈ ಮುನ್ಸೂಚನೆಯನ್ನು ಎಷ್ಟು ನಂಬಬಹುದು?

ಮಲಯಾಳದಲ್ಲಿ 'ಕಳ್ಳಕ್ಕಡಲ್' ಎನ್ನುವ ವಿದ್ಯಮಾನವೇ ಇದಕ್ಕೆ ಉತ್ತಮ ಉದಾಹರಣೆ. ಕಳ್ಳನಂತೆ ಸದ್ದಿಲ್ಲದೆ ಕಡಲು ದಡಕ್ಕೆ ನುಗ್ಗುವುದರಿಂದ ಈ ಹೆಸರು. 2012ರಲ್ಲಿ ಯುನೆಸ್ಕೋ ಕೂಡ ಈ ಪದವನ್ನು ಒಪ್ಪಿಕೊಂಡಿತು. 2024ರ ಮಾರ್ಚ್ 31ರಂದು ತಿರುವನಂತಪುರ, ಕೊಲ್ಲಂ, ಆಲಪ್ಪುಳ ಮೊದಲಾದ ಕಡೆ ಹೀಗೆಯೇ ಮನೆಗಳಿಗೆ ನೀರು ನುಗ್ಗಿತ್ತು. ಇದರ ಮೂಲ ಕೇರಳದಲ್ಲಿರಲಿಲ್ಲ. ಮಾರ್ಚ್ 23ರ ಸುಮಾರಿಗೆ ದಕ್ಷಿಣ ಅಟ್ಲಾಂಟಿಕ್ ಕಡೆಯಿಂದ ದಕ್ಷಿಣ ಹಿಂದೂ ಮಹಾಸಾಗರಕ್ಕೆ ಬಂದ ವಾಯುಭಾರ ಕುಸಿತದ ಬಿರುಗಾಳಿ ಅಲ್ಲಿ ಸುಮಾರು 11 ಮೀಟರ್ ಎತ್ತರದ ತೆರೆಗಳನ್ನು ಎಬ್ಬಿಸಿತ್ತು. ಅವು ಸಾವಿರಾರು ಕಿಲೋಮೀಟರ್ ಉರುಳಿ ಇಲ್ಲಿಗೆ ತಲುಪಿದವು.

ಅಳತೆ ಮತ್ತು ಲೆಕ್ಕ

ಇಂತಹ ಮುನ್ಸೂಚನೆ ನೀಡುವುದು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ 'ಇನ್‌ಕಾಯ್ಸ್'. ಗಾಳಿಯ ವೇಗ, ದಿಕ್ಕು ತಿಳಿದರೆ ತೆರೆ ಎಷ್ಟು ಎತ್ತರ ಏಳುತ್ತದೆ, ಯಾವಾಗ ಎಲ್ಲಿಗೆ ಮುಟ್ಟುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಆರಂಭದಲ್ಲಿ ಸಣ್ಣ ತಪ್ಪಿದ್ದರೂ ದಿನ ಕಳೆದಂತೆ ಅದು ಬೆಳೆಯುತ್ತದೆ. ಬರೀ ಅಳತೆಯನ್ನು ನಂಬೋಣವೆಂದರೆ ಕಡಲು ವಿಶಾಲ, ಉಪಕರಣಗಳು ಕೆಲವೇ. ಅಲ್ಲದೆ ಅಳತೆ ಇಂದಿನದ್ದನ್ನು ಹೇಳೀತೇ ಹೊರತು ನಾಳೆಯದ್ದನ್ನಲ್ಲ.

ಆದ್ದರಿಂದ ಎರಡನ್ನೂ ಬೆಸೆಯುತ್ತಾರೆ. ಇದಕ್ಕೆ 'ಡೇಟಾ ಅಸಿಮಿಲೇಶನ್' ಎಂದು ಹೆಸರು. ಕತ್ತಲಲ್ಲಿ ದೋಣಿ ನಡೆಸುವ ತಾಂಡೇಲ, ಎಂಜಿನ್‌ನ ವೇಗ ಮತ್ತು ಸಮಯ ನೋಡಿ ತಾನೆಲ್ಲಿದ್ದೇನೆಂದು ಅಂದಾಜು ಮಾಡುತ್ತಾನೆ. ನಡುವೆ ದೀಪಸ್ತಂಭದ ಬೆಳಕು ಕಂಡರೆ ಅಂದಾಜು ತಿದ್ದಿಕೊಂಡು ಮುಂದುವರಿಯುತ್ತಾನೆ. ಬೆಳಕು ಮಸುಕಾಗಿದ್ದರೆ ಅದನ್ನೇ ಪೂರ್ತಿ ನಂಬುವುದಿಲ್ಲ. ಕಂಪ್ಯೂಟರ್ ಮಾಡುವುದೂ ಇದನ್ನೇ. ಅಂದಾಜು, ಅಳತೆ ಎರಡರಲ್ಲಿ ತಪ್ಪಿನ ಸಾಧ್ಯತೆ ಯಾವುದಕ್ಕೆ ಕಡಿಮೆಯೋ ಅದಕ್ಕೆ ಹೆಚ್ಚು ತೂಕ ಕೊಡುತ್ತದೆ.

ಹಡಗುಗಳೇ ವಿರಳವಾದ ದಕ್ಷಿಣ ಸಾಗರದ ಗಾಳಿಯನ್ನು ಉಪಗ್ರಹಗಳು ಅಳೆಯುತ್ತವೆ. 2022ರಲ್ಲಿ ಭಾರತ ಹಾರಿಸಿದ ಓಷನ್‌ಸ್ಯಾಟ್-3ರಲ್ಲೂ ಇಂತಹ ಉಪಕರಣವಿದೆ. ನೀರಿನಾಳದ ಸುದ್ದಿ ತರುವುದು 'ಆರ್ಗೋ' ತೇಲುಗಗಳು. ಜಗತ್ತಿನ ಸಾಗರಗಳಲ್ಲಿ ಇವು ಸುಮಾರು 4,000 ಇವೆ. ಸುಮಾರು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತ ನೀರಿನ ಬಿಸಿ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಕಡಲ ಪ್ರವಾಹಗಳ ಲೆಕ್ಕಕ್ಕೆ ಇದು ಆಧಾರ.

ಮೀನುಗಾರರ ಪಾಲು

ದಡಕ್ಕೆ ಸಮೀಪದಲ್ಲಿ ತೆರೆಯೊಂದಿಗೆ ಏರಿಳಿಯುವ ಹಳದಿ ತೇಲುಗಗಳು ಅಲೆಯ ಎತ್ತರ ಅಳೆಯುತ್ತವೆ. ಮುನ್ಸೂಚನೆ ಸರಿಯಿತ್ತೇ ಎಂದು ಒರೆಗೆ ಹಚ್ಚುವುದು ಇವುಗಳಿಂದಲೇ. ಇವುಗಳಿಗೆ ದೋಣಿ ಕಟ್ಟುವುದು, ಬಿಡಿಭಾಗ ಕಳಚುವುದು ಹಲವೆಡೆ ನಡೆದಿದೆ. ಒಂದು ತೇಲುಗ ನಿಂತರೆ ಆ ಭಾಗದ ಕಡಲಿನ ಮಟ್ಟಿಗೆ ತಪ್ಪು ಹಿಡಿಯುವ ಕಣ್ಣೇ ಮುಚ್ಚಿದಂತೆ.

ಮುನ್ಸೂಚನೆ ಇನ್ನೂ ಕೆಲವೊಮ್ಮೆ ತಪ್ಪುತ್ತದೆ. ಅಳತೆ ಹೆಚ್ಚಿದಷ್ಟೂ ತಪ್ಪು ಕಡಿಮೆಯಾಗುತ್ತದೆ. ಹಳದಿ ತೇಲುಗವನ್ನು ಮುಟ್ಟದೆ ಬಿಡುವುದು ಸರಕಾರಕ್ಕೆ ಮಾಡುವ ಉಪಕಾರವಲ್ಲ. ನಾಳೆ ಕಡಲಿಗಿಳಿಯುವ ನಮ್ಮವರಿಗೇ ಅದು ರಕ್ಷೆ.