ಕಾನ್ವೆಂಟಿನೊಳಗೊಂದು ಕಲ್ಲಿನ ತಾಳೆಮರ

ಕಾನ್ವೆಂಟ್ ಎಂದರೆ ನಮ್ಮ ಊರುಗಳಲ್ಲಿ ಟೈ, ಶೂ ಹಾಕಿಕೊಂಡು ಹೋಗುವ ಇಂಗ್ಲಿಷ್ ಮಾಧ್ಯಮ ಶಾಲೆ. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಅದು ಕ್ರೈಸ್ತ ಸನ್ಯಾಸಿಗಳೋ ಸನ್ಯಾಸಿನಿಯರೋ ಒಟ್ಟಿಗೆ ಬಾಳುವ ಮಠ. ಏರ್‌ಬಸ್ ವಿಮಾನಗಳಿಂದಾಗಿ ನಮಗೆಲ್ಲ ಹೆಸರು ಗೊತ್ತಿರುವ ಟುಲೂಸ್ ನಗರದಲ್ಲಿ ಅಂಥದ್ದೊಂದು ಹಳೆಯ ಮಠವಿದೆ. ಅದೇ ಜಾಕೊಬಿನ್ ಕಾನ್ವೆಂಟ್.

ಸಂತ ಡೊಮಿನಿಕ್ 1215ರಲ್ಲಿ ಇದೇ ಊರಿನಲ್ಲಿ ತನ್ನ ಪಂಥವನ್ನು ಆರಂಭಿಸಿದ. ಅವನ ಅನುಯಾಯಿಗಳು 1230ರ ಸುಮಾರಿಗೆ ಈ ಮಠವನ್ನು ಕಟ್ಟಲು ತೊಡಗಿದರು. ಕಟ್ಟಡ ಕಲ್ಲು ಅಲ್ಲಿ ಹತ್ತಿರದಲ್ಲಿ ಹೆಚ್ಚು ಸಿಗುತ್ತಿರಲಿಲ್ಲ, ಜೇಡಿಮಣ್ಣು ಬೇಕಾದಷ್ಟಿತ್ತು. ಹಾಗಾಗಿ ಗೋಡೆಯೂ ಇಟ್ಟಿಗೆಯದೇ, 45 ಮೀಟರ್ ಎತ್ತರದ ಎಂಟು ಮೂಲೆಯ ಗಂಟೆಗೋಪುರವೂ ಇಟ್ಟಿಗೆಯದೇ.

ಹೊರಗಿನಿಂದ ಕೋಟೆಯಂತೆ ಕಾಣುವ ಚರ್ಚಿನ ಒಳಗೆ ನಟ್ಟನಡುವೆ ಒಂದೇ ಸಾಲಿನಲ್ಲಿ ಕಲ್ಲಿನ ಕಂಬಗಳಿವೆ. ಒಂದು ಬದಿ ಸನ್ಯಾಸಿಗಳಿಗೆ, ಇನ್ನೊಂದು ಬದಿ ಉಪದೇಶ ಕೇಳಲು ಬರುವ ಊರ ಜನರಿಗೆ. ಕಂಬಗಳ ಎತ್ತರ 22 ಮೀಟರ್, ಚಾವಣಿಯದು 28 ಮೀಟರ್.

ಕೊನೆಯ ಕಂಬದ ಬಳಿ ಚರ್ಚಿನ ಗೋಡೆ ಅರೆವೃತ್ತದಂತೆ ತಿರುಗುತ್ತದೆ. ಅಲ್ಲಿ ಕಮಾನುಗಳನ್ನು ಯಾವುದಕ್ಕೆ ಆನಿಸುವುದು? 13ನೇ ಶತಮಾನದ ಕೊನೆಯಲ್ಲಿ ಕಟ್ಟಿದವರು ಎಲ್ಲವನ್ನೂ ಆ ಒಂದೇ ಕಂಬಕ್ಕೆ ತಂದು ಕೂಡಿಸಿದರು. ಅದರ ನೆತ್ತಿಯಿಂದ 22 ಏಣುಗಳು ಗರಿಗಳಂತೆ ಸುತ್ತಲೂ ಹರಡಿವೆ. ಜನ ಅದನ್ನು ‘ತಾಳೆಮರ’ ಎಂದೇ ಕರೆಯುತ್ತಾರೆ. ಭಾರ ಎಲ್ಲಿಂದ ಹೊರಟು ಹೇಗೆ ನೆಲ ಸೇರುತ್ತದೆ ಎಂದು ತರಗತಿಯಲ್ಲಿ ಬಾಣದ ಗುರುತು ಹಾಕಿ ಕಲಿಯುವ ನನಗೆ, ಅದರ ಚಿತ್ರ ನೋಡಿದಾಗ ಆ ಬಾಣಗಳೇ ಕಲ್ಲಾಗಿ ನಿಂತಂತೆ ಕಂಡಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಕಥೆ. ಫ್ರೆಂಚ್ ಕ್ರಾಂತಿಯಲ್ಲಿ ಸನ್ಯಾಸಿಗಳು ಹೊರದೂಡಲ್ಪಟ್ಟರು. ನೆಪೋಲಿಯನ್ನನ ಕಾಲದಲ್ಲಿ, 1810ರ ಹೊತ್ತಿಗೆ, ಮಠ ಸೇನೆಯ ಪಾಲಾಯಿತು. ಚರ್ಚಿನ ನಡುವೆ ಅಂತಸ್ತು ಹಾಕಿ, ಕೆಳಗೆ ಕುದುರೆಗಳನ್ನು ಕಟ್ಟಿದರು, ಮೇಲೆ ಸೈನಿಕರನ್ನು ಇರಿಸಿದರು. ಸಂತ ಥಾಮಸ್ ಅಕ್ವಿನಾಸ್‌ನ ಅಸ್ಥಿಯನ್ನು ಇಟ್ಟಿದ್ದ ಜಾಗ ಲಾಯವಾಯಿತು.

ಆ ಅಂತಸ್ತು ಹಾಕಿಸಿದವರು ದಡ್ಡರೇನಲ್ಲ. ಇಷ್ಟು ಕುದುರೆ, ಇಷ್ಟು ಜನ, ಇಷ್ಟು ಜಾಗ ಎಂದು ಲೆಕ್ಕ ಹಾಕಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ನಾನೂ ಅದೇ ಉತ್ತರ ಬರೆದು ಪೂರ್ತಿ ಅಂಕ ಪಡೆಯುತ್ತಿದ್ದೆನೇನೋ. ನನಗೆ ಭಯವಾಗುವುದು ಅದಕ್ಕೇ. ಲೆಕ್ಕ ಸರಿಯಾಗಿತ್ತು, ಆದರೆ ಅದರಲ್ಲಿ ತಾಳೆಮರಕ್ಕೆ ಜಾಗವೇ ಇರಲಿಲ್ಲ.

1865ರಲ್ಲಿ ಮಠ ಮತ್ತೆ ನಗರಾಡಳಿತದ ಕೈಸೇರಿತು. ದುರಸ್ತಿಯ ದೊಡ್ಡ ಕೆಲಸ 1970ರ ದಶಕದವರೆಗೂ ನಡೆಯಿತು. ಕೆಡವಿಹಾಕಿದ್ದ ಅಂಗಳದ ಪಡಸಾಲೆಗಳನ್ನೂ ಮತ್ತೆ ಕಟ್ಟಿದರು. ಅಕ್ವಿನಾಸ್ ತೀರಿಕೊಂಡು 700 ವರ್ಷ ತುಂಬಿದ 1974ರಲ್ಲಿ ಅವನ ಅಸ್ಥಿ ಅಲ್ಲಿಗೆ ಮರಳಿತು. ಹಾಳುಮಾಡಲು ಕೆಲವು ವರ್ಷ ಸಾಕಾಗಿತ್ತು, ಸರಿಪಡಿಸಲು ನೂರು ವರ್ಷ ಬೇಕಾಯಿತು.

ನಾಳೆ ನಮ್ಮಲ್ಲೇ ಯಾರದಾದರೂ ಮೇಜಿನ ಮೇಲೆ ಹಳೆಯ ಕಟ್ಟಡವೊಂದರ ಕಡತ ಬಂದು ಕೂರಬಹುದು. ಚದರ ಅಡಿ ಲೆಕ್ಕ ಹಾಕುವ ಮುನ್ನ ಅದರ ಒಳಗೆ ಹೋಗಿ, ಒಮ್ಮೆ ತಲೆ ಎತ್ತಿ ನೋಡೋಣ.