ಮೋಟಾರು ಚಾವಿಯ ಸವೆದ ಗುಂಡಿ: ಮನೆಯಲ್ಲಿಯೇ ದುರಸ್ತಿ

ಸದಾಶಿವ ಪೇಠೆಯ ಓಣಿಗಳಲ್ಲಿ ಬೆಳಗಿನ 4 ಗಂಟೆಗೆ ಎಚ್ಚರವಾಗಿರುವವರು ಹಾಲಿನವರು ಮತ್ತು ನಮ್ಮ ಹೋಟೆಲಿನ ಹುಡುಗರು ಮಾತ್ರ. ಕಳೆದ ಮಳೆಗಾಲದಲ್ಲಿ ಒಂದು ಮುಂಜಾನೆ ಇಲ್ಲಿಯ ಉಡುಪಿ ಹೋಟೆಲೊಂದರ ತರುಣನು ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರಲೆಂದು ಧಣಿಗಳ ವ್ಯಾನಿನ ಬಳಿಗೆ ಬಂದನು. ಚಾವಿಯ ಗುಂಡಿಯನ್ನು ಒತ್ತಿದರೆ ಬಾಗಿಲು ತೆರೆಯಲೊಲ್ಲದು. ಇನ್ನಷ್ಟು ಬಲವಾಗಿ ಒತ್ತಿದನು. ರಬ್ಬರು ಹರಿದು ಗುಂಡಿ ಒಳಗೆ ಕುಸಿಯಿತು. ಅನಂತರ ಲೋಹದ ಚಾವಿಯನ್ನೇ ತೂರಿಸಿ ಬಾಗಿಲು ತೆರೆದನು. ಕಳ್ಳನೇ ಬಂದನೆಂದು ಬಗೆದ ವ್ಯಾನು ಓಣಿ ಎಚ್ಚರಾಗುವಂತೆ ಕೂಗಿಕೊಂಡಿತು! ನಿದ್ದೆಯ ವಿಷಯದಲ್ಲಿ ಪೇಠೆಯ ಜನರು ರಾಜಿಯಾಗುವವರಲ್ಲವೆಂಬುದು ಪುಣೆಯಲ್ಲಿದ್ದವರಿಗೆಲ್ಲ ಗೊತ್ತು. ಹುಡುಗನಿಗೆ ಅಂದು ದೊರೆತ ಮಂಗಳಾರತಿಯನ್ನು ಇಲ್ಲಿ ವರ್ಣಿಸಬೇಕಾಗಿಲ್ಲ.

ಆದರೆ ಅವನ ನಿಜವಾದ ಚಿಂತೆ ಬೇರೆಯೇ ಆಗಿತ್ತು. ವಿಚಾರಿಸಿದ ಒಂದೆಡೆಯಲ್ಲಿ, ಗುಂಡಿ ಮಾತ್ರ ಸಿಗುವುದಿಲ್ಲ, ಇಡೀ ಚಾವಿಯನ್ನೇ ಹೊಸದಾಗಿ ಕೊಳ್ಳಬೇಕು, ಹಲವು ಸಾವಿರ ರೂಪಾಯಿ ಆಗುತ್ತದೆ ಎಂದು ಹೇಳಿ ಕಳುಹಿಸಿದರು. ಊರಿನಲ್ಲಿ ತಂಗಿಯ ಕಾಲೇಜಿನ ಶುಲ್ಕ ಕಟ್ಟಬೇಕಾದ ತಿಂಗಳು ಅದು. ಈ ಹಣವು ತನ್ನ ಸಂಬಳದಿಂದ ಮುರಿದುಹೋಗುವುದೋ ಏನೋ ಎಂದು ಅವನು ಧಣಿಗಳ ಮುಂದೆ ಬಾಯಿ ಬಿಡದೆ ಎರಡು ದಿನ ತಳ್ಳಿದನು. ಮೂರನೆಯ ದಿನ ಗಲ್ಲೆಯ ಮೇಲೆ ಕುಳಿತುಕೊಳ್ಳುವ ರಾಯರು ಚಾವಿಯನ್ನು ಕೈಗೆ ತೆಗೆದುಕೊಂಡು ನೋಡಿ, “ಹೆದರಬೇಡ ಮಾರಾಯ, ಹರಿದದ್ದು ರಬ್ಬರು; ಯಂತ್ರ ಕೆಟ್ಟಿಲ್ಲ” ಎಂದರು. ಅವರ ಮಾತು ಸರಿಯಾಗಿತ್ತು. ಈ ತೊಂದರೆ ಅನೇಕರಿಗೆ ಬರುವಂಥದಾದುದರಿಂದ ಅದರ ಪರಿಹಾರವನ್ನು ವಿವರವಾಗಿ ತಿಳಿಸುವುದು ಉಚಿತವೆಂದು ತೋರುತ್ತದೆ.

ಒಳಗೆ ಏನಿದೆ?

ಚಾವಿಯ ಪ್ಲಾಸ್ಟಿಕ್ ಗೂಡಿನೊಳಗೆ ಇರುವುದು ಒಂದು ಪುಟ್ಟ ರೇಡಿಯೋ ಪ್ರಸಾರ ಯಂತ್ರ. ನಮ್ಮ ದೇಶದ ಕಾರುಗಳಲ್ಲಿ ಇದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸಿನಲ್ಲಿ ಸಂಕೇತವನ್ನು ಕಳಿಸುತ್ತದೆ. ಗುಂಡಿಗಳಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ರಬ್ಬರಿನ ಅಡಿಗೆ ಕಪ್ಪು ಇಂಗಾಲದ ಬಿಲ್ಲೆಯಿದ್ದು, ಅದು ಹಲಗೆಯ ಮೇಲಿನ ತಾಮ್ರದ ಗೆರೆಗಳನ್ನು ಮುಟ್ಟಿದೊಡನೆ ವಿದ್ಯುತ್ತು ಹರಿಯುತ್ತದೆ. ಇನ್ನೊಂದರಲ್ಲಿ ಹಲಗೆಗೆ ಬೆಸೆದ ಪುಟ್ಟ ಸ್ವಿಚ್ಚು ಇರುತ್ತದೆ. ರಬ್ಬರು ಅದನ್ನು ಅದುಮುವ ಹೊದಿಕೆ ಮಾತ್ರ. ಅಡಿಗೆಮನೆಯ ಎಣ್ಣೆ, ಬೆವರು, ಧೂಳು ಇವೆಲ್ಲ ಗುಂಡಿಯ ಸುತ್ತ ಸೇರಿ ಜಿಡ್ಡಾಗುತ್ತವೆ. ಪದೇ ಪದೇ ಉಗುರಿನಿಂದ ಒತ್ತಿದ ಜಾಗವು ಮೊದಲು ತೆಳುವಾಗಿ, ಆಮೇಲೆ ಹರಿಯುತ್ತದೆ.

ರೋಗವನ್ನು ಮೊದಲು ತಿಳಿಯಿರಿ

ಬೀಗ ಹಾಕುವ ಗುಂಡಿ ಕೆಲಸ ಮಾಡಿ ತೆರೆಯುವ ಗುಂಡಿ ಮಾತ್ರ ಮಾಡದಿದ್ದರೆ ಬ್ಯಾಟರಿ ಸರಿಯಾಗಿದೆ, ದೋಷವು ಗುಂಡಿಯಲ್ಲಿಯೇ ಇದೆ ಎಂದು ತಿಳಿಯಬಹುದು. ಯಾವ ಗುಂಡಿಯೂ ಕೆಲಸ ಮಾಡದಿದ್ದರೆ, ಅಥವಾ ಹತ್ತಿರಕ್ಕೆ ಹೋದಾಗ ಮಾತ್ರ ಮಾಡಿದರೆ, ಮೊದಲು ಬ್ಯಾಟರಿಯನ್ನು ಶಂಕಿಸಬೇಕು. ಅನೇಕ ಚಾವಿಗಳಲ್ಲಿರುವುದು ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ. ಆ ಅಂಕೆಯ ಅರ್ಥವೂ ಸುಲಭ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಎಂದಿದ್ದರೆ ದಪ್ಪ 2.5 ಮಾತ್ರ. ಆದುದರಿಂದ ಹಳೆಯದರ ಮೇಲಿನ ಅಂಕೆಯನ್ನು ನೋಡಿಯೇ ಹೊಸದನ್ನು ಕೊಳ್ಳಬೇಕು.

ಬಿಚ್ಚುವ ಕ್ರಮ

ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿ ಆರಂಭವಾಗುವವರೆಗಿನ ಬಿಡುವು ಈ ಕೆಲಸಕ್ಕೆ ತಕ್ಕದು. 1 ರಿಂದ 4 ರ ತನಕ ಬಾಗಿಲು ಮುಚ್ಚುವ ಅಂಗಡಿಗಳಿಂದ ಹೆಸರಾದ ಈ ಊರಿನಲ್ಲಿ ಆ ಹೊತ್ತು ಶಾಂತವಾಗಿಯೂ ಇರುತ್ತದೆ. ಕೈಗಳನ್ನು ಸೋಪು ಹಚ್ಚಿ ತೊಳೆದು ಒಣಗಿಸಿಕೊಳ್ಳಿ. ಅಂಚುಳ್ಳ ಒಂದು ತಟ್ಟೆಯಲ್ಲಿ ಚಾವಿಯನ್ನಿಟ್ಟು, ತಿರುಪು ಇದ್ದರೆ ಬಿಚ್ಚಿ, ಬದಿಯ ಸಂದಿಯಲ್ಲಿ ತೆಳುವಾದ ನಾಣ್ಯವನ್ನಿಟ್ಟು ಮೆಲ್ಲಗೆ ತಿರುವಿ. ತೆರೆದೊಡನೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಮತ್ತೆ ಜೋಡಿಸುವಾಗ ಅದೇ ಗುರು.

ಇಲ್ಲಿ ಒಂದು ಮಾತನ್ನು ಅವಶ್ಯವಾಗಿ ನೆನಪಿಡಬೇಕು. ಎಷ್ಟೋ ಚಾವಿಗಳ ಗೂಡಿನ ಮೂಲೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಂಡೋ ಗಾಜಿನ ನಳಿಗೆಯೋ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಆದರೆ ಕಾರು ಅದನ್ನು ಗುರುತಿಸಿದರೆ ಮಾತ್ರ ಎಂಜಿನ್ನು ಚಾಲೂ ಆಗುತ್ತದೆ. ಹಳೆಯ ಗೂಡಿನೊಡನೆ ಅದನ್ನು ಕಸಕ್ಕೆ ಎಸೆದವರು ಹೊಸ ಗೂಡು ಹಾಕಿಯೂ ಗಾಡಿಯನ್ನು ನಡೆಸಲಾರದೆ ಪೇಚಾಡಿದ್ದುಂಟು.

ಮೂರು ಉಪಾಯಗಳು

ಮೊದಲನೆಯದು ಶುಚಿ ಮಾಡುವುದು. ಬ್ಯಾಟರಿಯನ್ನು ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ತಾಮ್ರದ ಗೆರೆಗಳನ್ನು ಒರಸಿರಿ. ರಬ್ಬರನ್ನು ಮಾತ್ರ ಬೇರೆ ಮಾಡಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿಯಾಗಿ ಒಣಗಿಸಿರಿ. ಎಷ್ಟೋ ಗುಂಡಿಗಳು ಇಷ್ಟರಿಂದಲೇ ಸರಿಹೋಗುತ್ತವೆ.

ಎರಡನೆಯದು ಇಂಗಾಲದ ಬಿಲ್ಲೆ ಸವೆದಿದ್ದರೆ. ಅದರಷ್ಟೇ ಅಗಲದ ಅಲ್ಯೂಮಿನಿಯಂ ಹಾಳೆಯ ಚೂರನ್ನು ಕತ್ತರಿಸಿ ಸಿಲಿಕೋನ್ ಅಂಟಿನ ಸಣ್ಣ ಚುಕ್ಕೆಯಿಂದ ಬಿಲ್ಲೆಗೆ ಅಂಟಿಸಬಹುದು. ಇದು ಕೆಲವು ಕಾಲದ ಮಟ್ಟಿಗಿನ ಉಪಾಯ. ವಿದ್ಯುತ್ತು ಹರಿಯುವ ಗ್ರಾಫೈಟ್ ಬಣ್ಣವಾದರೆ ಹೆಚ್ಚು ಬಾಳುತ್ತದೆ.

ಮೂರನೆಯದು ನಮ್ಮ ಹುಡುಗನ ಸಂಗತಿ: ಮೇಲಿನ ರಬ್ಬರು ಹರಿದದ್ದು, ಒಳಗಿನ ಸ್ವಿಚ್ಚು ಗಟ್ಟಿಯಾಗಿರುವುದು. ರಾಯರು ಸೈಕಲ್ಲಿನ ಹಳೆಯ ಟ್ಯೂಬಿನಿಂದ ಒಂದು ಚೂರನ್ನು ಕತ್ತರಿಸಿ, ಹರಿದ ಜಾಗದ ಒಳಬದಿಗೆ ಸಿಲಿಕೋನ್ ಅಂಟಿನಿಂದ ಕೂಡಿಸಿದರು. ಸ್ವಿಚ್ಚಿಗೆ ತಾಗುವಂತೆ ನಡುವೆ ಒಂದು ಪುಟ್ಟ ಉಬ್ಬನ್ನೂ ಇಟ್ಟರು. ಸಿಲಿಕೋನ್ ರಬ್ಬರಿಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಹುಳಿ ವಾಸನೆಯ ಸಿಲಿಕೋನ್ ಅಂಟಾದರೆ ಹಲಗೆಯಿಂದ ದೂರದಲ್ಲಿಟ್ಟು 24 ಗಂಟೆ ಒಣಗಿಸಿದ ಮೇಲೆಯೇ ಜೋಡಿಸಬೇಕು; ಆ ಆವಿಯು ತಾಮ್ರವನ್ನು ತಿನ್ನುತ್ತದೆ. ತೇಪೆ ದಪ್ಪವಾದರೆ ಗುಂಡಿ ಸದಾ ಒತ್ತಿಕೊಂಡಿದ್ದು ಬ್ಯಾಟರಿ ಬೇಗನೆ ಮುಗಿಯುವುದು, ಆದುದರಿಂದ ತೆಳುವಾಗಿರಲಿ.

ಸ್ವಿಚ್ಚೇ ಕಿತ್ತುಬಂದಿದ್ದರೆ ಬೆಸುಗೆಯ ಕೆಲಸ. ಅಭ್ಯಾಸವಿಲ್ಲದವರು ಕೈ ಹಾಕಬಾರದು. ಪಕ್ಕದ ಬುಧವಾರ ಪೇಠೆಯ ತಪಕೀರ ಗಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಹೆಸರಾದ ಜಾಗ. ಬರಿಯ ಗೂಡು ಮತ್ತು ರಬ್ಬರೂ ಪೇಟೆಯಲ್ಲಿ ಬಿಡಿಯಾಗಿ ದೊರೆಯುತ್ತವೆ. ದುರಸ್ತಿ ಮುಗಿಯುವ ತನಕ ಎದುರಿಗೇ ನಿಂತಿರಿ. ಚಾವಿಯನ್ನು ಅಪರಿಚಿತರಲ್ಲಿ ಬಿಟ್ಟು ಬರಬೇಡಿ.

ಎರಡು ಎಚ್ಚರಿಕೆಗಳು

ಸಂಕೇತವು ಪ್ರತಿ ಸಲ ಒತ್ತಿದಾಗಲೂ ಬದಲಾಗುತ್ತದೆ. ಕಾರಿನಿಂದ ದೂರದಲ್ಲಿ ಹಲವು ಸಲ ಒತ್ತಿ ಪರೀಕ್ಷಿಸಿದರೆ ಲೆಕ್ಕ ತಪ್ಪಿ ಕಾರು ಚಾವಿಯನ್ನು ಮರೆಯಬಹುದು. ಕೆಲವು ಪದ್ಧತಿಗಳಲ್ಲಿ ಹತ್ತಿರ ನಿಂತು ಎರಡು ಸಲ ಒತ್ತಿದರೆ ಸರಿಹೋಗುತ್ತದೆ. ಆದುದರಿಂದ ಪರೀಕ್ಷೆಯನ್ನು ಗಾಡಿಯ ಪಕ್ಕದಲ್ಲಿಯೇ ಮಾಡಿರಿ.

ಇನ್ನೊಂದು ಇದಕ್ಕಿಂತ ಗಂಭೀರವಾದುದು. ತೆಗೆದ ಬ್ಯಾಟರಿಯ ಬಿಲ್ಲೆಯನ್ನು ಮಕ್ಕಳ ಕೈಗೆ ಸಿಗುವಂತೆ ಇಡಲೇಬಾರದು. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲುದು. ಶಂಕೆ ಬಂದರೂ ಸಾಕು, ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮರುದಿನ ಸಂಜೆ ಗೂಡನ್ನು ಮುಚ್ಚಿ ಒತ್ತಿದಾಗ ವ್ಯಾನಿನ ದೀಪಗಳು ಎರಡು ಸಲ ಮಿನುಗಿದವು. ಖರ್ಚಾದದ್ದು ಅಂಟಿನ ಬೆಲೆ ಮಾತ್ರ. ಹುಡುಗನು ಆಗ ಧಣಿಗಳ ಬಳಿಗೆ ಹೋಗಿ ನಡೆದುದೆಲ್ಲವನ್ನೂ ಹೇಳಿದನು. “ಮೊದಲ ದಿನವೇ ಹೇಳಬಾರದಿತ್ತೇ? ರಬ್ಬರು ಸವೆದರೆ ನಿನ್ನ ಸಂಬಳ ಮುರಿಯುತ್ತಾರೇನೋ?” ಎಂದರಂತೆ ಅವರು. ತಂಗಿಯ ಶುಲ್ಕದ ಹಣ ಆ ವಾರವೇ ಊರಿಗೆ ಹೋಯಿತು.