ಡಕಾರ್ ಪಟ್ಟಿಯಲ್ಲಿ ಕನ್ನಡಿಗರು

ಡಕಾರ್ ರ‍್ಯಾಲಿಯ ದಾಖಲೆಗಳ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಫ್ರಾನ್ಸಿನ ಸ್ಟೆಫಾನ್ ಪೀಟರ್‌ಹಾನ್ಸೆಲ್ ಅವರದು. ಬೈಕಿನಲ್ಲಿ 6, ಕಾರಿನಲ್ಲಿ 8, ಒಟ್ಟು 14 ಗೆಲುವು. ಸ್ಪೇನಿನ ಕಾರ್ಲೋಸ್ ಸೈನ್ಜ್ 2024ರಲ್ಲಿ ನಾಲ್ಕನೇ ಸಲ ಗೆದ್ದಾಗ ಅವರ ವಯಸ್ಸು 61. ನಾಲ್ಕು ಗೆಲುವೂ ನಾಲ್ಕು ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ. 2001ರಲ್ಲಿ ಕಾರು ವಿಭಾಗ ಗೆದ್ದ ಜರ್ಮನಿಯ ಯುಟಾ ಕ್ಲೈನ್‌ಶ್ಮಿಟ್ ಈ ಸಾಧನೆಯ ಮೊದಲ ಮಹಿಳೆ.

ಕನ್ನಡದ ಓದುಗರು ಈ ಪಟ್ಟಿಯನ್ನು ಇನ್ನಷ್ಟು ಕೆಳಗಿನವರೆಗೂ ಓದಬೇಕು. 2015ರ ಬೈಕ್ ವಿಭಾಗದಲ್ಲಿ ಸ್ಪೇನಿನ ಮಾರ್ಕ್ ಕೋಮಾ ಐದನೇ ಸಲ ಗೆದ್ದರು. ಅದೇ ಪಟ್ಟಿಯ 36ನೇ ಹೆಸರು ಬೆಂಗಳೂರಿನ ಸಿ.ಎಸ್. ಸಂತೋಷ್. ಡಕಾರ್ ಮುಗಿಸಿದ ಮೊದಲ ಭಾರತೀಯ ಅವರು.

36ನೇ ಸ್ಥಾನವೆಂದರೆ ಏನು ಮಹಾ ಎನ್ನುವವರು ಆ ವರ್ಷದ ದಾರಿಯನ್ನೊಮ್ಮೆ ನೋಡಬೇಕು. ಅರ್ಜೆಂಟೀನಾ, ಚಿಲಿ, ಬೊಲಿವಿಯಾ ದೇಶಗಳನ್ನು ಹಾದು ಹೋಗುವ ಎರಡು ವಾರದ ಓಟ. ಬೊಲಿವಿಯಾದ ಉಯೂನಿ ಉಪ್ಪಿನ ಬಯಲಿನಲ್ಲಿ ಮಳೆನೀರು ನಿಂತಿತ್ತು. ಚಕ್ರಗಳು ಎರಚಿದ ಉಪ್ಪುನೀರು ವೈರಿಂಗ್‌ಗೆ ಇಳಿದು, ಗೆಲ್ಲುವ ಲೆಕ್ಕದಲ್ಲಿದ್ದವರ ಬೈಕುಗಳೂ ಕೆಟ್ಟು ನಿಂತವು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಸವಾರರು ಮಾತ್ರ ಕೊನೆ ಮುಟ್ಟಿದರು. ಮೊದಲ ಸಲವೇ ಹೋದ ಸಂತೋಷ್ ಅವರಲ್ಲೊಬ್ಬರು. ಈ ಸಾಧನೆಗೆ ನಮ್ಮಲ್ಲಿ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಡಕಾರ್‌ನಲ್ಲಿ ವೇಗವೊಂದೇ ಸಾಲದು, ದಾರಿ ಹುಡುಕಲೂ ಬರಬೇಕು. ಫೋನಿನ ಮ್ಯಾಪ್ ಅಲ್ಲಿ ನಡೆಯುವುದಿಲ್ಲ. ಆಯೋಜಕರು ಕೊಡುವ ರೋಡ್‌ಬುಕ್ಕೇ ಗತಿ. ಆಗ ಅದು ಉದ್ದನೆಯ ಕಾಗದದ ಸುರುಳಿ. ಹ್ಯಾಂಡಲಿನ ಮೇಲಿನ ಪೆಟ್ಟಿಗೆಯಲ್ಲಿ ಅದನ್ನು ಸುತ್ತಿಡುತ್ತಿದ್ದರು. ಸವಾರ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಬೈಕ್ ಓಡಿಸುತ್ತಲೇ ಎಡಗೈ ಹೆಬ್ಬೆರಳಿನಿಂದ ಬಟನ್ ಒತ್ತಿ ಸುರುಳಿ ಸರಿಸಬೇಕು. ಎಷ್ಟನೇ ಕಿಲೋಮೀಟರಿಗೆ ಯಾವ ದಿಕ್ಕು, ಎಲ್ಲಿ ಹಳ್ಳ, ಎಲ್ಲಿ ಕಲ್ಲು ಎಂಬುದೆಲ್ಲ ಪುಟ್ಟ ಪುಟ್ಟ ಗುರುತುಗಳಲ್ಲಿರುತ್ತದೆ. ಅಪಾಯದ ಜಾಗಕ್ಕೆ ಎರಡು, ಮೂರು ಆಶ್ಚರ್ಯಸೂಚಕ ಚಿಹ್ನೆ. ಒಂದು ಗುರುತು ತಪ್ಪಿದರೆ ಮರಳಿನ ದಿಬ್ಬಗಳ ನಡುವೆ ಗಂಟೆಗಟ್ಟಲೆ ಸುತ್ತಾಟ. ಈಗ ಕಾಗದದ ಜಾಗಕ್ಕೆ ಪರದೆ ಬಂದಿದೆ, ಓದುವ ಕೆಲಸ ಮಾತ್ರ ಹಾಗೇ ಉಳಿದಿದೆ.

ಡಕಾರ್‌ನಿಂದ ಮರಳಿ ಬಂದ ಸಂತೋಷ್ ತರಬೇತಿಗೆ ಆರಿಸಿಕೊಂಡದ್ದು ಕೋಲಾರ ಜಿಲ್ಲೆಯ ನೆಲ. ಅವರ ಬಿಗ್‌ರಾಕ್ ಡರ್ಟ್‌ಪಾರ್ಕ್ ಇರುವುದು ಇಲ್ಲೇ. ಬಂಡೆ, ಕೆಮ್ಮಣ್ಣು, ದಿಣ್ಣೆಗಳ ಮೇಲೆ ಬೈಕ್ ಓಡಿಸುವುದನ್ನು ಅಲ್ಲಿ ಪಾಠದಂತೆ ಕಲಿಸುತ್ತಾರೆ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಓಡುವುದೇ ರೂಢಿಯಾಗಿರುವ ಆಂಡರ್ಸನ್‌ಪೇಟೆ, ಬಂಗಾರಪೇಟೆಯ ಹುಡುಗರಿಗೆ, ಬೆಂಗಳೂರಿನವರು ಕಲಿಯಲೆಂದು ತಮ್ಮ ಜಿಲ್ಲೆಗೇ ಬರುವ ಇಂಥದೊಂದು ಜಾಗವಿದೆ ಎಂಬುದು ಗೊತ್ತಿರಬೇಕು.

ಡಕಾರ್ ಪಟ್ಟಿಯಲ್ಲಿ ಕನ್ನಡಿಗರ ಎರಡನೇ ಹೆಸರು ಉಡುಪಿ ಮೂಲದ ಅರವಿಂದ್ ಕೆ.ಪಿ. ಬಿಗ್ ಬಾಸ್ ಕನ್ನಡದ ಎಂಟನೇ ಆವೃತ್ತಿಯ ರನ್ನರ್ ಅಪ್ ಎಂದು ಮನೆಮನೆಗೂ ಪರಿಚಿತರಾದವರು. ಅದಕ್ಕೂ ಮೊದಲೇ ಅವರು ಟಿವಿಎಸ್ ತಂಡದ ಪರ ಡಕಾರ್‌ಗೆ ಹೋಗಿ ಬಂದಿದ್ದರು. 2017, 2018ರಲ್ಲಿ ಅರ್ಧದಾರಿಯಲ್ಲೇ ನಿಲ್ಲಬೇಕಾಯಿತು. 2019ರಲ್ಲಿ ಇಡೀ ಓಟ ಪೆರುವಿನ ಮರಳಿನಲ್ಲಿ ನಡೆದಾಗ 37ನೆಯವರಾಗಿ ಮುಗಿಸಿದರು. ಆ ವರ್ಷ ಗೆದ್ದ ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಮಣಿಕಟ್ಟಿನ ಮೂಳೆ ಮುರಿದಿದ್ದರೂ ಬೈಕ್ ಇಳಿದಿರಲಿಲ್ಲ.

ಈ ಓಟ ಜೀವವನ್ನೂ ಕೇಳುತ್ತದೆ. 2020ರ ಜನವರಿಯಲ್ಲಿ ಹೀರೋ ತಂಡದ ಪೋರ್ಚುಗೀಸ್ ಸವಾರ ಪೌಲೊ ಗೊನ್ಸಾಲ್ವೆಸ್ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತೀರಿಕೊಂಡರು. ಸಂತೋಷ್ ಆಗ ಅದೇ ತಂಡದಲ್ಲಿದ್ದರು. ಮರುವರ್ಷ ನಾಲ್ಕನೇ ಹಂತದಲ್ಲಿ ಅವರೇ ಬಿದ್ದರು. ತಲೆಗೆ ಏಟಾಗಿದ್ದ ಅವರನ್ನು ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಸಾಗಿಸಲಾಯಿತು. ವೈದ್ಯರು ಕೆಲವು ದಿನ ಔಷಧದಿಂದ ಪ್ರಜ್ಞೆ ತಪ್ಪಿಸಿಯೇ ಇಟ್ಟಿದ್ದರು. ಅವರು ಚೇತರಿಸಿಕೊಂಡು ಊರಿಗೆ ಮರಳಿದರು.

ಭಾರತೀಯರ ದಾಖಲೆ ಈಗ ಕೇರಳದ ಹರಿತ್ ನೋವಾ ಅವರದು: 2024ರಲ್ಲಿ ಒಟ್ಟಾರೆ 11ನೇ ಸ್ಥಾನ, ರ‍್ಯಾಲಿ 2 ವರ್ಗದಲ್ಲಿ ಮೊದಲ ಸ್ಥಾನ. ಅದೇ ವರ್ಷ ಹೀರೋ ಬೈಕಿನಲ್ಲಿ ಬೋಟ್ಸ್ವಾನಾದ ರಾಸ್ ಬ್ರಾಂಚ್ ಎರಡನೆಯವರಾಗಿ ಬಂದರು. ಕನ್ನಡಿಗರ ಮಟ್ಟಿಗೆ ಮುರಿಯಬೇಕಿರುವ ಅಂಕಿ 34. ಸಂತೋಷ್ 2018ರಲ್ಲಿ ಮುಗಿಸಿದ್ದು ಆ ಸ್ಥಾನದಲ್ಲಿ.